ಚಳಿಗಾಲದ ಬಳ್ಳಾರಿ: ಎರಡು ದಿನ ಕೆಡಿಸಿಕೊಳ್ಳದೆ ಸುತ್ತುವುದು ಹೇಗೆ?

ಹೋದ ಡಿಸೆಂಬರ್‌ನಲ್ಲಿ ನಮ್ಮ ಅಕ್ಕನ ಮನೆಯವರು ಬೆಂಗಳೂರಿನಿಂದ ಬಂದಿದ್ದರು. ಚಳಿಗಾಲ ಅಲ್ವಾ, ಬಿಸಿಲೇನು ಮಾಡುತ್ತೆ ಅಂತ ಹನ್ನೊಂದು ಗಂಟೆಗೆ ಕೋಟೆ ಗುಡ್ಡ ಹತ್ತಲು ಶುರು ಮಾಡಿದರು. ಅರ್ಧ ದಾರಿಯಲ್ಲಿ ಅಕ್ಕನ ಮಗಳಿಗೆ ತಲೆ ಸುತ್ತಿತು. ಇಳಿದು ಬಂದರು. ಮರುದಿನ ಬೆಳಿಗ್ಗೆ ಹತ್ತಕ್ಕೆ ಕರಡಿ ನೋಡಲು ದರೋಜಿ ಕರಡಿಧಾಮಕ್ಕೆ ಹೋದರು. ಗೇಟು ಹಾಕಿತ್ತು. ಎರಡು ದಿನ ಹೋಯಿತು, ಕೈಗೆ ಏನೂ ಸಿಗಲಿಲ್ಲ.

ಇದು ಅವರೊಬ್ಬರ ಕಥೆಯಲ್ಲ. ಪ್ರತಿ ವರ್ಷ ಬರುವ ನೆಂಟರು, ಸ್ನೇಹಿತರು, ಅವರ ಸ್ನೇಹಿತರು ಇದೇ ತಪ್ಪು ಮಾಡುತ್ತಾರೆ. ಜಾಗಗಳನ್ನು ಸರಿಯಾಗಿಯೇ ಆರಿಸಿರುತ್ತಾರೆ. ಹೊತ್ತು ಮಾತ್ರ ಉಲ್ಟಾ ಇರುತ್ತದೆ. ಬಳ್ಳಾರಿಯಲ್ಲಿ ಚಳಿಗಾಲ ಅಂದರೆ ಇಡೀ ದಿನ ತಂಪು ಅಂತಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ 15ರಿಂದ 18 ಡಿಗ್ರಿ ಇದ್ದರೆ ಮಧ್ಯಾಹ್ನ ಸುಮಾರು 30ಕ್ಕೆ ಏರುತ್ತದೆ. ಬಂಡೆಯ ಮೇಲೆ ನಿಂತರೆ ಅದಕ್ಕಿಂತ ಜಾಸ್ತಿ ಅನಿಸುತ್ತದೆ. ಹಾಗಾಗಿ ಇಲ್ಲಿ ಚಳಿಗಾಲ ಸಿಗುವುದು ದಿನದ ಎರಡು ತುದಿಯಲ್ಲಿ. ಬೆಳಗಿನ ಮೂರು ತಾಸು, ಸಂಜೆಯ ಮೂರು ತಾಸು. ನಡುವಿನ ಹೊತ್ತು ನೆರಳಿನಲ್ಲಿ ಕಳೆಯಬೇಕು. ಕೆಳಗಿನ ಹಂತಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿವೆ. ದಯವಿಟ್ಟು ಕ್ರಮ ಬದಲಿಸಬೇಡಿ.

ಹಂತ 1: ಬರುವ ಮೊದಲು ಮುಗಿಸಬೇಕಾದ ಕೆಲಸ

ಬೆಂಗಳೂರು ಅಥವಾ ಮೈಸೂರಿನಿಂದ ಬರುವವರಿಗೆ ಹಂಪಿ ಎಕ್ಸ್‌ಪ್ರೆಸ್ ಒಳ್ಳೆಯದು. ರಾತ್ರಿ ಹತ್ತಿದರೆ ಬೆಳಗಿನ ಜಾವ ಬಳ್ಳಾರಿ ಬರುತ್ತದೆ. ಆದರೆ ಒಂದು ಎಚ್ಚರ. ರೈಲು ಮುಂದೆ ಹೊಸಪೇಟೆ, ಹುಬ್ಬಳ್ಳಿಗೆ ಹೋಗುತ್ತದೆ. ನಿದ್ದೆಯಲ್ಲಿ ಬಳ್ಳಾರಿ ದಾಟಿ ಹೋದವರು ಬಹಳ ಮಂದಿ. ಗುಂತಕಲ್ಲು ಬಂದಾಗ ಏಳುವ ಹಾಗೆ ಅಲಾರಂ ಇಟ್ಟುಕೊಳ್ಳಿ.

ರೂಮು ಎಲ್ಲಿ ಮಾಡಬೇಕು? ಮೊದಲ ರಾತ್ರಿ ಬಳ್ಳಾರಿ ಊರೊಳಗೆ, ಎರಡನೇ ರಾತ್ರಿ ಹೊಸಪೇಟೆ ಅಥವಾ ಕಮಲಾಪುರದಲ್ಲಿ ಮಾಡಿ. ಕಾರಣ ಹಂತ 6ರಲ್ಲಿ ಗೊತ್ತಾಗುತ್ತದೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಹಂಪಿಗೆ ಬರುವ ಜನದಿಂದ ಹೊಸಪೇಟೆ ಕಡೆ ರೂಮು ತುಂಬಿಹೋಗುತ್ತವೆ. ಆ ವಾರ ಬಿಟ್ಟು ಜನವರಿ ಎರಡನೇ ವಾರದ ಮೇಲೆ ಬಂದರೆ ಆರಾಮು.

ಚೀಲದಲ್ಲಿ ಏನಿರಬೇಕು ಅಂತ ಕೇಳಿದರೆ ನಾನು ಮೊದಲು ಹೇಳುವುದು ಬೂಟು. ಚಪ್ಪಲಿ ಬೇಡ. ಹಿಡಿತವಿರುವ ಅಡಿ ಇರುವ ಬೂಟೇ ಬೇಕು. ಆಮೇಲೆ ಒಬ್ಬೊಬ್ಬರಿಗೆ ಒಂದೂವರೆ ಲೀಟರ್ ನೀರು, ಟೊಪ್ಪಿ, ಬೆಳಿಗ್ಗೆ ಹಾಕಿ ಒಂಬತ್ತಕ್ಕೆ ಬಿಚ್ಚಬಹುದಾದ ತೆಳು ಸ್ವೆಟರ್, ಒಂದು ಹೊದಿಕೆ, ಸಣ್ಣ ಟಾರ್ಚು. ದುರ್ಬೀನು ಇದ್ದರೆ ಖಂಡಿತ ತನ್ನಿ. ಇಲ್ಲದಿದ್ದರೆ ಯಾರ ಹತ್ತಿರವಾದರೂ ಕೇಳಿ ತನ್ನಿ. ಎರಡನೇ ದಿನದ ಸಂಜೆ ಅದಿಲ್ಲದೆ ಅರ್ಧ ಸುಖ ಹೋಗುತ್ತದೆ. ದಪ್ಪ ಜಾಕೆಟ್ ತರಬೇಡಿ, ಸುಮ್ನೆ ಹೊರಬೇಕಾಗುತ್ತದೆ.

ಹಂತ 2: ಮೊದಲ ಬೆಳಿಗ್ಗೆ, ಕೋಟೆ ಗುಡ್ಡ

ಊರ ನಡುವೆ ಎದ್ದು ನಿಂತ ಬಂಡೆ ಗುಡ್ಡವೇ ಬಳ್ಳಾರಿ ಗುಡ್ಡ. ಮೇಲೆ ವಿಜಯನಗರ ಕಾಲದ ನಾಯಕರು ಕಟ್ಟಿದ ಮೇಲುಕೋಟೆ, ಬುಡದಲ್ಲಿ 18ನೇ ಶತಮಾನದಲ್ಲಿ ಹೈದರಾಲಿ ಕಟ್ಟಿಸಿದ ಕೆಳಕೋಟೆ. ಪಕ್ಕದ ಇನ್ನೊಂದು ಗುಡ್ಡ ಕುಂಬಾರ ಗುಡ್ಡ. ಹೊಸಬರು ಎರಡನ್ನೂ ಕಲಸಿಕೊಂಡು ಆಟೋದವರಿಗೆ ದಾರಿ ತಪ್ಪಿ ಹೇಳುತ್ತಾರೆ. "ಅಣ್ಣಾ, ಕೋಟೆ ಹತ್ತುವ ಕಡೆ ಬಿಡಿ" ಅನ್ನಿ, ಸಾಕು. ಕನ್ನಡ ಬಾರದ ಆಟೋದವರು ಸಿಕ್ಕರೆ ತೆಲುಗು ನಡೆಯುತ್ತದೆ. ಬಳ್ಳಾರಿಯಲ್ಲಿ ಎರಡೂ ಒಟ್ಟಿಗೇ ಓಡುತ್ತವೆ.

ಮೊದಲನೆಯದಾಗಿ, ಬೆಳಿಗ್ಗೆ ಬಾಗಿಲು ಎಷ್ಟಕ್ಕೆ ತೆಗೆಯುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ಹಿಂದಿನ ಸಂಜೆಯೇ ಊರಲ್ಲಿದ್ದರೆ ಬಾಗಿಲ ಹತ್ತಿರ ಹೋಗಿ ಅಲ್ಲಿರುವವರನ್ನೇ ಕೇಳುವುದು ಒಳ್ಳೆಯದು. ಬೆಳಿಗ್ಗೆ ರೈಲಿಳಿದು ಬಂದವರು ಲಾಡ್ಜಿನಲ್ಲಿ ಕೇಳಬಹುದು. ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಬೇಕು, ಅರ್ಧ ತಾಸು ಆಮೇಲಲ್ಲ. ಡಿಸೆಂಬರ್ ಮೊದಲ ವಾರದಲ್ಲಿ ಸೂರ್ಯ ಹುಟ್ಟುವುದು ಸುಮಾರು 6.30ಕ್ಕೆ, ಜನವರಿ ನಡುವೆ 6.50ರ ಸುಮಾರಿಗೆ. ಬಾಗಿಲು ತಡವಾಗಿ ತೆಗೆಯುವ ದಿನವಾದರೆ ಆ ಹೊತ್ತನ್ನು ಕೆಳಕೋಟೆಯ ಕೋಟೆ ಆಂಜನೇಯನ ಗುಡಿಯಲ್ಲಿ ಕಳೆಯಿರಿ.

ಎರಡನೆಯದು, ಹೊಟ್ಟೆ ತುಂಬ ತಿಂದು ಹತ್ತಬೇಡಿ, ಪೂರಾ ಖಾಲಿ ಹೊಟ್ಟೆಯಲ್ಲೂ ಹತ್ತಬೇಡಿ. ಎರಡು ಬಾಳೆಹಣ್ಣು, ಒಂದು ಚಹಾ ಸಾಕು.

ಮೂರನೆಯದು, ಹತ್ತುವ ರೀತಿ. ದಾರಿಯ ಬಹುಪಾಲು ಬಂಡೆಯಲ್ಲೇ ಕಡಿದ ಮೆಟ್ಟಿಲು. ಕಾಲ ತುಳಿತಕ್ಕೆ ಸವೆದು ಸವೆದು ನುಣುಪಾಗಿವೆ. ಚಳಿಗಾಲದಲ್ಲಿ ಬೆಳಗಿನ ಮಂಜು ಕೂತಿದ್ದರೆ ಜಾರುತ್ತವೆ. ಹೆಜ್ಜೆಯನ್ನು ಮೆಟ್ಟಿಲ ಒಳಬದಿಗೆ ಇಡಿ, ಅಂಚಿಗೆ ಇಡಬೇಡಿ. ಮಕ್ಕಳನ್ನು ಗುಡ್ಡದ ಕಡೆ ಬಿಟ್ಟುಕೊಂಡು ದೊಡ್ಡವರು ಬಯಲಿನ ಕಡೆ ನಡೆಯಿರಿ. ಹದವಾಗಿ ಹತ್ತಿದರೆ ಅರ್ಧದಿಂದ ಮುಕ್ಕಾಲು ತಾಸು ಹಿಡಿಯುತ್ತದೆ. ಓಡಿ ಹತ್ತುವ ಹುಡುಗರು ಮೇಲೆ ಹೋಗಿ ಕೂತುಬಿಡುತ್ತಾರೆ, ಏನೂ ನೋಡುವುದಿಲ್ಲ.

ಮೇಲೆ ಬಂಡೆಯ ಬಿರುಕುಗಳಲ್ಲಿ ನೀರು ನಿಂತ ಹೊಂಡಗಳಿವೆ. ನೋಡಲು ಚೆಂದ, ಆದರೆ ಆಳ. ಅಂಚಿನ ಕಲ್ಲು ಪಾಚಿಗಟ್ಟಿರುತ್ತದೆ. ಫೋಟೋಗಾಗಿ ಅಂಚಿಗೆ ಇಳಿಯುವುದೇ ಇಲ್ಲಿಯ ಅತಿ ದೊಡ್ಡ ತಪ್ಪು. ಹತ್ತು ಅಡಿ ದೂರ ನಿಂತರೂ ಅದೇ ಫೋಟೋ ಬರುತ್ತದೆ.

ಇಳಿಯುವುದನ್ನು ಒಂಬತ್ತೂವರೆಗೆ ಶುರು ಮಾಡಿ. ಬಾಗಿಲು ತಡವಾಗಿ ತೆಗೆದಿದ್ದರೆ ಮೇಲೆ ಅರ್ಧ ತಾಸು ಮಾತ್ರ ಇದ್ದು ಇಳಿಯಿರಿ. ಇಳಿಯುವಾಗಲೇ ಮೊಣಕಾಲು ನಡುಗುವುದು, ಕಾಲು ಹೊರಳುವುದು ಜಾಸ್ತಿ.

ಎಚ್ಚರಿಕೆಯ ಗುರುತುಗಳು: ಬೆವರು ನಿಂತು ಮೈ ಬಿಸಿಯಾದರೆ, ತಲೆ ಸುತ್ತಿದರೆ, ವಾಂತಿ ಬಂದ ಹಾಗಾದರೆ ಹತ್ತುವುದನ್ನು ಅಲ್ಲಿಗೇ ನಿಲ್ಲಿಸಿ. ನೆರಳಿಗೆ ಕೂತು ಗುಟುಕು ಗುಟುಕಾಗಿ ನೀರು ಕುಡಿದು ಇಳಿಯಿರಿ. ಬೆವರು ನಿಂತು ಮೈ ಬಿಸಿಯಾಗಿದ್ದರೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ, ಉಳಿದವಕ್ಕೆ ಕಾಲು ತಾಸಿನಲ್ಲಿ ಸುಧಾರಿಸದಿದ್ದರೆ ಹೋಗಿ. "ಇನ್ನೇನು ಬಂತು, ಸ್ವಲ್ಪ" ಅಂತ ಯಾರನ್ನೂ ಎಳೆದುಕೊಂಡು ಹೋಗಬೇಡಿ. ಅವತ್ತು ಅಕ್ಕನ ಮಗಳಿಗೆ ನಾವು ಹಾಗೆ ಅಂದಿದ್ದೆವು, ಇವತ್ತಿಗೂ ನನಗೆ ಅದರ ಬೇಸರ ಇದೆ. ಬಂಡೆಯ ಸಂದಿಯಲ್ಲಿ ಜೇನು ಕಂಡರೆ ಮಾತು ನಿಲ್ಲಿಸಿ ದೂರ ಸರಿಯಿರಿ. ಕೋತಿ ಕಂಡರೆ ಕೈಯಲ್ಲಿ ತಿನ್ನುವ ಪೊಟ್ಟಣ ಕಾಣುವ ಹಾಗೆ ಹಿಡಿಯಬೇಡಿ.

ಹಂತ 3: ಇಳಿದ ಮೇಲೆ ಒಗ್ಗರಣೆ, ಮಿರ್ಚಿ

ಮಂಡಕ್ಕಿ ನೆನೆಸಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಹುರಿಗಡಲೆ ಪುಡಿ ಹಾಕಿ ಮಾಡುವ ಒಗ್ಗರಣೆ ಇಲ್ಲಿಯ ಬೆಳಗಿನ ತಿಂಡಿ. ಕೆಲವರು ಒಗ್ಗಾಣಿ ಅನ್ನುತ್ತಾರೆ. ಜೊತೆಗೆ ಮಿರ್ಚಿ ಇರಲೇಬೇಕು. ಮಿರ್ಚಿ ಅಂದರೆ ಬರೀ ಮೆಣಸಿನಕಾಯಿ ಅಂದುಕೊಂಡು ಬೇಡ ಅಂದವರಿದ್ದಾರೆ. ಅದು ಮೆಣಸಿನಕಾಯಿ ಬಜ್ಜಿ.

ಮೆನು ನೋಡುವುದಕ್ಕಿಂತ ಮೊದಲು ಬಾಣಲೆ ನೋಡಿ. ಎಣ್ಣೆ ಕಪ್ಪಗಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. "ಮಿರ್ಚಿ ಈಗ ಬಿಟ್ಟಿದ್ದಾ ಅಣ್ಣಾ?" ಅಂತ ಕೇಳಿ. ತಟ್ಟೆಯಲ್ಲಿ ರಾಶಿ ಹಾಕಿಟ್ಟದ್ದು ಬೇಡ, ಐದು ನಿಮಿಷ ಕಾದರೆ ಬಿಸಿ ಬಿಸಿ ಬರುತ್ತದೆ. ಒಗ್ಗರಣೆಯನ್ನು ತಟ್ಟೆಯಲ್ಲಿ ಬಹಳ ಹೊತ್ತು ಇಡಬಾರದು, ತಣ್ಣಗಾದರೆ ಮಂಡಕ್ಕಿ ಮುದ್ದೆಯಾಗುತ್ತದೆ. ಹಾಗಾಗಿ ಮಿರ್ಚಿ ಬಂದ ಮೇಲೆ ಒಗ್ಗರಣೆ ಹೇಳಿ. ಮಕ್ಕಳಿಗೆ ಮಿರ್ಚಿಯ ಒಳಗಿನ ಬೀಜ ತೆಗೆದು ಕೊಡಿ. ಖಾರ ಹತ್ತಿದರೆ ನೀರು ಕುಡಿಸಬೇಡಿ, ಮಜ್ಜಿಗೆ ಕೊಡಿ.

ಹಂತ 4: ಮಧ್ಯಾಹ್ನ ನೆರಳಿನಲ್ಲಿ

ಈ ಹೊತ್ತಿಗೆ ಸರಿಯಾದ ಜಾಗ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯ. ಊರೊಳಗೇ ಇದೆ. ಇದನ್ನು ಹಂತ 5ಕ್ಕಿಂತ ಮೊದಲು ನೋಡಲೇಬೇಕು. ಇದು ಬಿಟ್ಟು ನೇರ ಸಂಗನಕಲ್ಲಿಗೆ, ಅಂದರೆ ಸಾವಿರಾರು ವರ್ಷ ಹಿಂದೆ ಜನ ಬದುಕಿದ್ದ ಗುಡ್ಡಗಳಿಗೆ, ಹೋದವರು "ಬರೀ ಕಲ್ಲು" ಅಂತ ವಾಪಸ್ ಬರುತ್ತಾರೆ. ಇಲ್ಲಿ ಕಲ್ಲಿನ ಕೊಡಲಿ ಹೇಗೆ ಮಾಡುತ್ತಿದ್ದರು, ಒರಟು ತುಂಡು ಹೇಗಿರುತ್ತದೆ, ಉಜ್ಜಿ ನಯ ಮಾಡಿದ್ದು ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಮಾಡಿಕೊಳ್ಳಿ. ಒಂದು ತಾಸು ಬೇಕು. ಸರ್ಕಾರಿ ರಜೆ ಇದೆಯಾ ಅಂತ ಮೊದಲೇ ವಿಚಾರಿಸಿ.

ಊಟ ಖಾನಾವಳಿಯಲ್ಲಿ ಮಾಡಿ. ಚಳಿಗಾಲದಲ್ಲಿ ಜೋಳದ ರೊಟ್ಟಿಯ ಜೊತೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇದೆಯಾ ಅಂತ ಕೇಳಿ. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಮೊಸರು. ಮೊದಲ ಸಲ ತಿನ್ನುವವರು ಕಟಕ ರೊಟ್ಟಿ ಹೇಳಿ ಹಲ್ಲು ನೋಯಿಸಿಕೊಳ್ಳುತ್ತಾರೆ. ಬಿಸಿ ರೊಟ್ಟಿ ಹೇಳಿ.

ಊಟ ಆದ ಮೇಲೆ ಜೀನ್ಸ್. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವುದು ದೊಡ್ಡ ಕಸುಬು. ಕೊಳ್ಳುವುದಾದರೆ ಹೊಲಿಗೆಯನ್ನು ಒಳಗಿನಿಂದ ತಿರುವಿ ನೋಡಿ, ಜಿಪ್ಪು ನಾಲ್ಕು ಸಲ ಎಳೆಯಿರಿ, ಒದ್ದೆ ಬಿಳಿ ಕರವಸ್ತ್ರದಿಂದ ಒಂದು ಮೂಲೆ ಉಜ್ಜಿ. ಬಣ್ಣ ಜಾಸ್ತಿ ಬಿಟ್ಟರೆ ಬೇಡ. ಅಷ್ಟೇ. ಆಮೇಲೆ ರೂಮಿಗೆ ಹೋಗಿ ಎರಡು ತಾಸು ಮಲಗಿ. ಸೋಮಾರಿತನ ಅಂದುಕೊಳ್ಳಬೇಡಿ, ರಾತ್ರಿಗೆ ಬೇಕಾಗುತ್ತದೆ.

ಹಂತ 5: ಮೊದಲ ರಾತ್ರಿ ಬಯಲಾಟ, ಎರಡನೇ ಬೆಳಿಗ್ಗೆ ಸಂಗನಕಲ್ಲು

ಸಂಜೆ ಊರೊಳಗೆ ನಾಟಕ ಇದೆಯಾ ನೋಡಿ. ರಾಘವ ಕಲಾಮಂದಿರ, ಜೋಳದರಾಶಿ ದೊಡ್ಡನಗೌಡ ರಂಗಮಂದಿರ ಎರಡರಲ್ಲೂ ವಿಚಾರಿಸಬಹುದು. ಹೆಸರಾಂತ ರಂಗನಟ ಬಳ್ಳಾರಿ ರಾಘವರ ಊರಿದು, ನಾಟಕ ಇಲ್ಲಿ ಇನ್ನೂ ಜನರ ಮಾತಿನಲ್ಲಿದೆ. ಆದರೆ ನನ್ನ ಮನಸ್ಸಿಗೆ ಹತ್ತಿರವಾದದ್ದು ಹಳ್ಳಿಯ ಬಯಲಾಟ. ಸುಗ್ಗಿ ಆಸುಪಾಸಿನಲ್ಲಿ, ಜಾತ್ರೆಗಳಲ್ಲಿ ಸುತ್ತಲ ಹಳ್ಳಿಗಳಲ್ಲಿ ಆಡುತ್ತಾರೆ.

ಬಯಲಾಟ ಹುಡುಕುವ ರೀತಿ ಹೀಗೆ. ಮೊಬೈಲಿನಲ್ಲಿ ಸಿಗುವುದಿಲ್ಲ. ಬಸ್ ನಿಲ್ದಾಣದ ಗೋಡೆಯ ಪೋಸ್ಟರ್ ನೋಡಿ, ಚಹಾ ಅಂಗಡಿಯಲ್ಲಿ, ಲಾಡ್ಜಿನ ಹುಡುಗರ ಹತ್ತಿರ ಕೇಳಿ. ಇವತ್ತು ಇಲ್ಲ ಅಂದರೆ ಬೇಸರ ಬೇಡ, ಕೋಟೆ ಗುಡ್ಡಕ್ಕೆ ದೀಪ ಹಾಕಿದ್ದರೆ ಕೆಳಗಿನಿಂದ ನೋಡಿ ಮಲಗಿ.

ಇದೆ ಅಂದರೆ ಹೊರಡುವ ಮೊದಲು ಹೋಗಿ ಬರುವ ಗಾಡಿ ಗೊತ್ತು ಮಾಡಿಕೊಳ್ಳಿ. ಆಟ ರಾತ್ರಿ ಹತ್ತರ ಮೇಲೆಯೇ ಕಳೆಗಟ್ಟುತ್ತದೆ, ಬೆಳಗಿನವರೆಗೂ ನಡೆಯುತ್ತದೆ. ನೀವು ಹನ್ನೆರಡಕ್ಕೆ ಎದ್ದು ಬನ್ನಿ, ಬೆಳಿಗ್ಗೆ ಮತ್ತೆ ಕೆಲಸ ಇದೆ. ಹೊದಿಕೆ, ಕೂರಲು ಹಾಸಿಗೆ ಬಟ್ಟೆ ಒಯ್ಯಿರಿ. ಮುಂದೆ ಕೂತ ಅಜ್ಜ ಅಜ್ಜಿಯರ ಎದುರು ಮೊಬೈಲ್ ಎತ್ತಿ ಹಿಡಿಯಬೇಡಿ. ಹಿಮ್ಮೇಳದ ಹತ್ತಿರ ಪಕ್ಕದಲ್ಲಿ ಕೂತರೆ ಹಾಡೂ ಕೇಳಿಸುತ್ತದೆ, ಕುಣಿತವೂ ಕಾಣುತ್ತದೆ.

ಮರುದಿನ ಬೆಳಿಗ್ಗೆ ಆರೂವರೆಗೆ ಸಂಗನಕಲ್ಲಿಗೆ ಹೊರಡಿ. ಊರಿಂದ ಹತ್ತು ಕಿ.ಮೀ. ಒಳಗೇ ಇದೆ. ಇಲ್ಲಿಯ ಗುಡ್ಡಗಳಲ್ಲಿ ಸುಮಾರು 5000 ವರ್ಷ ಹಿಂದೆಯೇ ಜನ ಬದುಕಿದ್ದರು. ಪಕ್ಕದ ಕಪ್ಪಗಲ್ಲಿನ ಹಿರೇಗುಡ್ಡದ ಮೇಲೆ ಕರಿಕಲ್ಲಿನಲ್ಲಿ ಕುಟ್ಟಿ ಮೂಡಿಸಿದ ಉದ್ದ ಕೊಂಬಿನ ಎತ್ತುಗಳು, ಮನುಷ್ಯರು ಇದ್ದಾರೆ. ಬಡಿದರೆ ಗಂಟೆಯಂತೆ ನಾದ ಬರುವ ಬಂಡೆಗಳೂ ಇವೆ. ಹಿಂದಿನವರು ಬಡಿದ ಜಾಗ ಗುಳಿ ಬಿದ್ದಿದೆ.

ಇಲ್ಲಿ ಜನ ಸೋಲುವುದು ಬೆಳಕಿನ ವಿಷಯದಲ್ಲಿ. ಈ ಚಿತ್ರಗಳಿಗೆ ಬಣ್ಣ ಇಲ್ಲ. ಕಲ್ಲಿನ ಮೈ ಕುಟ್ಟಿ ಮಾಡಿದ್ದು. ಬಿಸಿಲು ನೆತ್ತಿಗೆ ಬಂದರೆ ಎದುರಿಗೇ ಇದ್ದರೂ ಕಾಣುವುದಿಲ್ಲ. ಬಿಸಿಲು ಓರೆಯಾಗಿ ಬೀಳುವಾಗ ಮಾತ್ರ ಎತ್ತಿನ ಕೊಂಬು, ಡುಬ್ಬ ಎದ್ದು ಕಾಣುತ್ತವೆ. ಎಂಟೂವರೆ ಒಳಗೆ ನೋಡಿಬಿಡಿ. ಮೊದಲು ಬಂಡೆಯ ಎದುರು ನಿಲ್ಲಿ, ಆಮೇಲೆ ನಿಧಾನವಾಗಿ ಪಕ್ಕಕ್ಕೆ ಸರಿಯುತ್ತ ಹೋಗಿ. ಒಂದು ಕೋನದಲ್ಲಿ ಚಿತ್ರ ತಟ್ಟನೆ ತೆರೆದುಕೊಳ್ಳುತ್ತದೆ. ಮೊದಲ ಎತ್ತು ಕಂಡ ಮೇಲೆ ಉಳಿದವು ತಾವಾಗಿಯೇ ಕಾಣಲು ಶುರುವಾಗುತ್ತವೆ. ನನಗೆ ಮೊದಲ ಸಲ ಹಾಗೆ ಕಂಡಾಗ ಮಾತೇ ಹೊರಡಲಿಲ್ಲ.

ಒಬ್ಬರೇ ಹೋಗಬೇಡಿ. ದಾರಿ ಗೊತ್ತಿರುವವರನ್ನು ಊರಲ್ಲಿ ಕೇಳಿ ಕರೆದುಕೊಂಡು ಹೋಗಿ, ಅವರ ಕೂಲಿ ಮೊದಲೇ ಮಾತಾಡಿ ಕೊಡಿ. ಬಂಡೆ ಬಂಡೆ ದಾಟುವ ಜಾಗದಲ್ಲಿ ಕೈ ಇಡುವ ಮೊದಲು ಸಂದಿ ನೋಡಿ. ಚಳಿಗಾಲದ ಬೆಳಿಗ್ಗೆ ಹಾವು ಬಿಸಿಲು ಕಾಯಲು ಹೊರಗೆ ಬಂದಿರುತ್ತದೆ. ನಾದದ ಬಂಡೆಯನ್ನು ಕಲ್ಲಿನಿಂದ ಬಡಿದು ನೋಡಬೇಡಿ. ಎಲ್ಲರೂ ಒಂದೊಂದು ಏಟು ಹಾಕಿದರೆ ಸಾವಿರಾರು ವರ್ಷದ ಗುರುತು ಅಳಿಸಿಹೋಗುತ್ತದೆ. ಚಿತ್ರದ ಮೇಲೆ ಸೀಮೆಸುಣ್ಣ ಹಚ್ಚಿ ಫೋಟೋ ತೆಗೆಯುವುದೂ ಬೇಡ. ನೆಲದಲ್ಲಿ ಕಲ್ಲಿನ ಚಕ್ಕೆ ಕಂಡರೆ ಅಲ್ಲೇ ಬಿಡಿ, ಅದು ಯಾರೋ ಕೊಡಲಿ ಮಾಡುವಾಗ ಹಾರಿದ ತುಂಡಾಗಿರಬಹುದು.

ವಾಪಸ್ ಬರುವಾಗ ಹೊಲದ ಬದಿಯಲ್ಲಿ ಎಳೆ ಜೋಳದ ತೆನೆ ಸುಡುವುದು ಕಂಡರೆ ಗಾಡಿ ನಿಲ್ಲಿಸಿ. ಅದು ಸೀತನಿ. ಹಾಲುಗಾಳಿನ ಜೋಳ ಸಿಗುವುದು ಚಳಿಗಾಲದ ಕೆಲವೇ ವಾರ. ಆದರೆ ಹೊಲಕ್ಕೆ ಸುಮ್ನೆ ನುಗ್ಗಬೇಡಿ. "ಯಜಮಾನ್ರೇ, ಬರಬಹುದಾ?" ಅಂತ ದಾರಿಯಿಂದಲೇ ಕೇಳಿ. ಬೇಡ ಅಂದವರನ್ನು ನಾನು ಇವತ್ತಿನವರೆಗೂ ನೋಡಿಲ್ಲ.

ಹಂತ 6: ಎರಡನೇ ಸಂಜೆ, ದರೋಜಿಯ ಕರಡಿಗಳು

ದರೋಜಿ ಕರಡಿಧಾಮ ಆಗಿದ್ದು 1994ರಲ್ಲಿ. ಇಲ್ಲಿ ಕರಡಿ ನೋಡುವುದು ಮಧ್ಯಾಹ್ನದ ಮೇಲೆ ಮಾತ್ರ. ಬೆಳಿಗ್ಗೆ ಹೋದರೆ ಅಕ್ಕನ ಮನೆಯವರ ಹಾಗೆ ಗೇಟು ನೋಡಿ ಬರಬೇಕಾಗುತ್ತದೆ.

ಎರಡನೆಯ ತಪ್ಪು ದಾರಿಯದು. ಮೊಬೈಲ್ ಮ್ಯಾಪಿನಲ್ಲಿ ಬರೀ "ದರೋಜಿ" ಅಂತ ಹಾಕಿದರೆ ದರೋಜಿ ಊರಿಗೆ ಕರೆದೊಯ್ಯುತ್ತದೆ. ಕರಡಿಧಾಮಕ್ಕೆ ಹೋಗುವ ದಾರಿ ಕಮಲಾಪುರದ ಕಡೆಯಿಂದ. ಪೂರ್ತಿ ಹೆಸರು ಹಾಕಿ, ಕಮಲಾಪುರದಲ್ಲಿ ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ. ಸಂಗನಕಲ್ಲಿನಿಂದ ಬಂದು, ರೂಮು ಖಾಲಿ ಮಾಡಿ, ಊಟ ಮುಗಿಸಿ ಹನ್ನೆರಡೂವರೆಗೆ ಬಳ್ಳಾರಿ ಬಿಡಿ. ತೋರಣಗಲ್ಲು ಕಡೆ ಲಾರಿ ಜಾಸ್ತಿ, ಎರಡು ತಾಸು ಕೈಯಲ್ಲಿಟ್ಟುಕೊಳ್ಳಿ.

ಒಳಗೆ ಹೋದ ಮೇಲೆ ವೀಕ್ಷಣಾ ಗೋಪುರದಲ್ಲಿ ಕೂರಬೇಕು. ಎದುರಿನ ಬಂಡೆಗಳ ಮೇಲೆ ಸಿಬ್ಬಂದಿ ಬೆಲ್ಲ, ಜೇನು ಕಲಸಿದ ಅಂಟನ್ನು ಸವರಿರುತ್ತಾರೆ. ಅದನ್ನು ನೆಕ್ಕಲು ಕರಡಿಗಳು ಗುಹೆಯಿಂದ ಇಳಿದು ಬರುತ್ತವೆ. ಒಮ್ಮೊಮ್ಮೆ ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಬರುತ್ತವೆ. ದೂರ ಇರುವುದರಿಂದ ಬರಿಗಣ್ಣಿಗೆ ಕಪ್ಪು ಚುಕ್ಕೆ, ದುರ್ಬೀನಿನಲ್ಲಿ ನೋಡಿದರೆ ಮೂತಿ, ಉಗುರು, ಎದೆಯ ಬಿಳಿ ಗುರುತು ಎಲ್ಲ ಕಾಣುತ್ತದೆ.

ಕೂರುವ ಕ್ರಮ ಮುಖ್ಯ. ಬಂದ ಕೂಡಲೇ ಕರಡಿ ಕಾಣದಿದ್ದರೆ ಜನ ಅರ್ಧ ತಾಸಿಗೆ ಎದ್ದು ಹೋಗುತ್ತಾರೆ. ನಾಲ್ಕರಿಂದ ಗೇಟು ಹಾಕುವವರೆಗಿನ ಹೊತ್ತೇ ನಿಜವಾದ ಹೊತ್ತು, ಅಲ್ಲಿವರೆಗೂ ಕಾಯಿರಿ. ಮೊಬೈಲ್ ಸದ್ದು ಬಂದ್ ಮಾಡಿ. ಸೆಂಟು ಹಾಕಿಕೊಂಡು ಬರಬೇಡಿ, ಕರಡಿಯ ಮೂಗು ಬಹಳ ಚುರುಕು. ಮಕ್ಕಳಿಗೆ ಮೊದಲೇ ತಿನ್ನಿಸಿ ಕರೆತನ್ನಿ, ಗೋಪುರದಲ್ಲಿ ಪೊಟ್ಟಣದ ಸದ್ದಿಗೇ ಎಲ್ಲರ ಸಂಜೆ ಹಾಳಾಗುತ್ತದೆ. ಕಾಯುವಾಗ ನವಿಲು, ಪುರಲೆ ಹಕ್ಕಿಗಳ ಕಡೆ ಕಣ್ಣಿಡಿ.

ಗೋಪುರಕ್ಕೂ ಗೇಟಿಗೂ ನಡುವೆ ಗಾಡಿಯಿಂದ ಇಳಿಯಲೇಬೇಡಿ. ಕರಡಿ ಎದುರಾದರೆ ಓಡಿ ಗೆಲ್ಲುವ ಮಾತೇ ಇಲ್ಲ. ದಾರಿಗೆ ಅಡ್ಡ ಬಂದರೆ ಗಾಡಿ ನಿಲ್ಲಿಸಿ, ಗಾಜು ಏರಿಸಿ, ಹಾರ್ನ್ ಹೊಡೆಯದೆ ಅದು ದಾಟುವವರೆಗೆ ಕಾಯಿರಿ.

ಜನವರಿಯಲ್ಲಿ ಆರು ಗಂಟೆ ದಾಟಿದರೆ ಸೂರ್ಯ ಮುಳುಗುತ್ತಾನೆ, ಅರ್ಧ ತಾಸಿಗೆ ಪೂರಾ ಕತ್ತಲು. ಆ ಹೊತ್ತಿನಲ್ಲಿ ಲಾರಿಗಳ ನಡುವೆ ಬಳ್ಳಾರಿಗೆ ವಾಪಸ್ ಗಾಡಿ ಹೊಡೆಯುವುದು ಬೇಡ ಅಂತಲೇ ಎರಡನೇ ರೂಮು ಈ ಕಡೆ ಮಾಡಲು ಹೇಳಿದ್ದು. ಕಮಲಾಪುರದಲ್ಲಿ ಉಳಿದವರು ಮರುದಿನ ಬೆಳಿಗ್ಗೆ ಹಂಪಿಗೆ ಹೋಗಬಹುದು. ಅಲ್ಲೂ ಬಂಡೆಗಳೇ, ಹಾಗಾಗಿ ಆರೂವರೆಗೆ ಹೊರಡಿ.